ಚಿತ್ರದುರ್ಗದ ದ್ರೋಣಿಯೂ ಅದರ ಅಗ್ನಿಶಿಲೆಗಳೂ

೧

ಚಿತ್ರದುರ್ಗವೆಂಬ ಹೆಸರನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಏಳು ಸುತ್ತಿನ ಕೋಟೆ, ನಾಯಕರ ಆಳ್ವಿಕೆ ಮತ್ತು ಒಂದರ ಮೇಲೊಂದು ಹೇರಿಟ್ಟಂತೆ ನಿಂತಿರುವ ಹೆಬ್ಬಂಡೆಗಳ ಚಿತ್ರ. ಉತ್ತರದ ತುರುವನೂರಿನ ಎರೆಯ ಬಯಲನ್ನು ದಾಟಿ ದುರ್ಗದ ಕಡೆಗೆ ಬರುವ ಪ್ರಯಾಣಿಕನ ದೃಷ್ಟಿಯನ್ನು ಮೊದಲು ಸೆಳೆಯುವುದೂ ಈ ಬಂಡೆಗಳೇ. ಇವುಗಳ ಆಕಾರವೈಚಿತ್ರ್ಯವನ್ನು ಕಂಡು, ಇದು ಹಿಂದೊಮ್ಮೆ ಅಗ್ನಿಪರ್ವತವಾಗಿದ್ದಿರಬೇಕೆಂದೂ, ಬೆಟ್ಟಗಳ ನಡುವಣ ತಗ್ಗುಗಳು ಅದರ ಬಾಯಿಗಳೆಂದೂ, ಬಯಲಿನ ಕರಿಮಣ್ಣು ಅದು ಉಗುಳಿದ ಬೂದಿಯೆಂದೂ ಊಹಿಸುವವರುಂಟು. ಈ ಊಹೆಯಲ್ಲಿ ಸತ್ಯದ ಒಂದು ಅಂಶವಿದೆ. ಆದರೆ ಆ ಸತ್ಯವು ಊಹಿಸಿದ ಸ್ಥಳದಲ್ಲಿಲ್ಲ. ಚಿತ್ರದುರ್ಗದ ಸೀಮೆಯಲ್ಲಿ ಅಗ್ನಿಪರ್ವತಗಳ ಉದ್ಗಾರ ನಡೆದುದು ನಿಶ್ಚಯ. ಆದರೆ ಅದರ ಸಾಕ್ಷಿಯಾದ ಕಲ್ಲು ಕೋಟೆಯ ಹೆಬ್ಬಂಡೆಯಲ್ಲ. ಯಾರೂ ನಿಂತು ನೋಡದ, ಹಸುರುಗಪ್ಪು ಬಣ್ಣದ, ಕುರುಚಲು ಕಾಡು ಮುಸುಕಿದ ಸಾಮಾನ್ಯ ಮರಡಿಗಳ ಕಲ್ಲು. ಇವೆರಡನ್ನೂ ಬೇರ್ಪಡಿಸಿ ತಿಳಿಯದೆ ಈ ನಾಡಿನ ಭೂಚರಿತ್ರೆಯನ್ನು ಅರಿಯಲಾಗದು.

ಮೊದಲು ಶಬ್ದದ ವಿಚಾರ. ದ್ರೋಣಿಯೆಂಬ ಸಂಸ್ಕೃತ ಪದಕ್ಕೆ ಮರದ ತೊಟ್ಟಿ, ದೋಣಿ ಎಂಬ ಅರ್ಥಗಳಲ್ಲದೆ, ಪರ್ವತಗಳ ನಡುವಣ ತಗ್ಗು ಎಂಬ ಅರ್ಥವೂ ಸಲ್ಲುತ್ತದೆ. ಕನ್ನಡದ ದೋಣಿ ಇದರ ತದ್ಭವ. ಭೂವಿಜ್ಞಾನದಲ್ಲಿ ಈ ಒಂದೇ ಪದವು ಎರಡು ಭಿನ್ನ ವಸ್ತುಗಳಿಗೆ ವಾಚಕವಾಗಿದೆ. ಮರಳು, ಕೆಸರು, ಲಾವಾರಸ ಮೊದಲಾದುವು ಪ್ರಾಚೀನಕಾಲದಲ್ಲಿ ಪದರಪದರವಾಗಿ ತುಂಬಿಕೊಂಡ ತಗ್ಗು ಒಂದು. ಈಗ ಮಳೆಯ ನೀರು ಹರಿದು ಸೇರುವ ಕಣಿವೆ ಮತ್ತೊಂದು. ಚಿತ್ರದುರ್ಗದಲ್ಲಿ ಎರಡೂ ಉಂಟು, ಒಂದರ ಮೇಲೊಂದು ಬಿದ್ದಿವೆ. ಮೊದಲನೆಯದು ಸಮುದ್ರದ ದ್ರೋಣಿ. ಅದರ ವಯಸ್ಸು ಸುಮಾರು ೨೭೦ ಕೋಟಿ ವರ್ಷ. ಎರಡನೆಯದು ವೇದಾವತಿಯ ದ್ರೋಣಿ. ಅದು ನೀರಿನ ಕೆತ್ತನೆ, ಬೆಂಕಿಯ ಕೆಲಸವಲ್ಲ. ಇವೆರಡನ್ನು ಒಂದೆಂದು ಭ್ರಮಿಸುವುದರಿಂದಲೇ ಮೇಲೆ ಹೇಳಿದ ಊಹೆ ಹುಟ್ಟಿತು.

೨

ಕರ್ನಾಟಕದ ಹಳೆಯ ಶಿಲಾಸ್ತೋಮಗಳಲ್ಲಿ ಒಂದು ಬಗೆಗೆ ಧಾರವಾಡ ಶಿಲೆಗಳೆಂದು ಹೆಸರು. ೧೮೮೦ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟರು ಇವನ್ನು ಸುತ್ತಲಿನ ನೈಸ್ ಶಿಲೆಗಳಿಂದ ಬೇರ್ಪಡಿಸಿ ಈ ಹೆಸರನ್ನು ಕೊಟ್ಟರು. ೧೮೯೪ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಧಾರವಾಡ ಶಿಲೆಗಳು ನಾಡಿನ ಮೇಲೆ ಹಾಸಿದ ಕಂಬಳಿಯಂತೆ ಎಲ್ಲೆಡೆಯೂ ಇಲ್ಲ. ಸೀರೆಯ ಪಟ್ಟೆಗಳಂತೆ ದಕ್ಷಿಣೋತ್ತರವಾಗಿ, ಕೊಂಚ ವಾಯವ್ಯಕ್ಕೆ ವಾಲಿ ಹಬ್ಬಿವೆ. ಇವುಗಳಲ್ಲಿ ಅತ್ಯಂತ ಉದ್ದವಾದ ಪಟ್ಟೆಗಳಲ್ಲೊಂದು ಚಿತ್ರದುರ್ಗದ್ದು. ಶ್ರೀರಂಗಪಟ್ಟಣದ ಆಸುಪಾಸಿನಿಂದ ಗದಗದವರೆಗೆ ೪೦೦ ಕಿಲೋಮೀಟರುಗಳಿಗೂ ಮಿಕ್ಕಿ ಇದು ಸಾಗಿದೆ. ದಕ್ಷಿಣದಲ್ಲಿ ಕಿರಿದಾಗಿರುವ ಈ ಪಟ್ಟೆಯು ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗಗಳ ಪ್ರದೇಶದಲ್ಲಿ ಅಗಲವಾಗಿ ಹರಡಿಕೊಂಡಿದೆ.

ಈ ಪಟ್ಟೆಯ ಶಿಲಾಸಮೂಹಕ್ಕೆ ಈಗಿನ ವಿದ್ವಾಂಸರು ಚಿತ್ರದುರ್ಗ ವರ್ಗವೆಂದು ಹೆಸರಿಟ್ಟು, ಅದನ್ನು ಕೆಳಗಿನಿಂದ ಮೇಲಕ್ಕೆ ಮೂರು ಭಾಗಗಳಾಗಿ ವಿಂಗಡಿಸಿದ್ದಾರೆ. ಮೂರಕ್ಕೂ ಈ ಜಿಲ್ಲೆಯ ಸ್ಥಳನಾಮಗಳೇ ದೊರೆತಿವೆ: ವಾಣೀವಿಲಾಸ, ಇಂಗಳದಾಳ, ಹಿರಿಯೂರು. ಕೆಳಗಿನ ವಾಣೀವಿಲಾಸ ಭಾಗದಲ್ಲಿ ನೀರು ತಂದು ಹಾಕಿದ ಉರುಟುಗಲ್ಲುಗಳು ಒಂದಕ್ಕೊಂದು ಬೆಸೆದುಕೊಂಡ ಪಿಂಡಶಿಲೆ, ಮರಳು ಗಟ್ಟಿಯಾಗಿ ಆದ ಬೆಣಚುಶಿಲೆ, ಸುಣ್ಣಕಲ್ಲು, ಮ್ಯಾಂಗನೀಸು ಮತ್ತು ಕಬ್ಬಿಣದ ಪದರಗಳು ಇರುವುವು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಪಿಂಡಶಿಲೆ ಇದಕ್ಕೆ ಪ್ರಸಿದ್ಧ ಉದಾಹರಣೆ. ನಡುವಣ ಇಂಗಳದಾಳ ಭಾಗವೇ ಅಗ್ನಿಶಿಲೆಗಳ ಭಾಗ. ಲಾವಾರಸ ಗಟ್ಟಿಯಾಗಿ ಆದ ಬಸಾಲ್ಟು ಇದರಲ್ಲಿ ಪ್ರಧಾನ. ಕೋಟೆಯ ದಕ್ಷಿಣಕ್ಕಿರುವ ಜೋಗಿಮಟ್ಟಿಯ ಕಡೆಯ ಬೆಟ್ಟಗಳಲ್ಲಿ ಈ ಬಗೆಯ ಲಾವಾಶಿಲೆ ಕಾಣುತ್ತದೆ. ಮೇಲಣ ಹಿರಿಯೂರು ಭಾಗದಲ್ಲಿ, ಆ ಅಗ್ನಿಶಿಲೆಗಳೂ ಸುತ್ತಲಿನ ನೆಲವೂ ಸವೆದು ಬಂದ ಮರಳು ಮತ್ತು ಕೆಸರು ಅಧಿಕವಾಗಿದೆ. ಹೀಗೆ ಮೊದಲು ಆಳವಿಲ್ಲದ ನೀರು, ಬಳಿಕ ನೆಲ ಕುಸಿದು ನೀರಿನಡಿಯಲ್ಲಿ ಲಾವಾರಸದ ಪ್ರವಾಹ, ಕೊನೆಗೆ ಆ ತಗ್ಗನ್ನು ತುಂಬಿದ ಕೆಸರು ಎಂಬ ಮೂರು ಅಂಕಗಳ ಕಥೆ ಇಲ್ಲಿ ಕಲ್ಲಿನಲ್ಲಿ ಬರೆದಿದೆ.

ಈ ಕಾಲಗಣನೆಗೆ ಆಧಾರವೇನೆಂದು ವಾಚಕರು ಕೇಳುವುದು ಯುಕ್ತ. ಕೆಲವು ಧಾತುಗಳು ನಿಯತವಾದ ವೇಗದಲ್ಲಿ ತಮ್ಮಷ್ಟಕ್ಕೆ ತಾವೇ ಬೇರೆ ಧಾತುಗಳಾಗಿ ಮಾರ್ಪಡುತ್ತವೆ. ಒಂದು ಬಗೆಯ ಯುರೇನಿಯಂನಲ್ಲಿ ಅರ್ಧಭಾಗವು ಸೀಸವಾಗುವುದಕ್ಕೆ ಸುಮಾರು ೪೪೭ ಕೋಟಿ ವರ್ಷಗಳು ಬೇಕು. ಶಿಲೆಯು ಗಟ್ಟಿಯಾದಾಗ ಒಂದು ಹರಳಿನಲ್ಲಿ ಸೆರೆಸಿಕ್ಕಿದ ಯುರೇನಿಯಂ ಎಷ್ಟು ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ಹರಳಿನ ವಯಸ್ಸು ದೊರೆಯುತ್ತದೆ. ಗಳಿಗೆಬಟ್ಟಲಿನ ನೀರನ್ನು ನೋಡಿ ಹೊತ್ತನ್ನು ಹೇಳುವ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಬೇರೆ ಧಾತುಗಳಲ್ಲಿಯೂ ಇದೇ ಬಗೆಯ ಪರೀಕ್ಷೆಗಳುಂಟು. ಇಂತಹ ಅಳತೆಗಳಿಂದಲೇ ಇಂಗಳದಾಳದ ಲಾವಾಶಿಲೆಗಳಿಗೆ ಸುಮಾರು ೨೭೦ ಕೋಟಿ ವರ್ಷಗಳೆಂದೂ, ಅವುಗಳೊಳಕ್ಕೆ ಆಮೇಲೆ ನುಗ್ಗಿದ ಚಿತ್ರದುರ್ಗದ ಗ್ರಾನೈಟಿಗೆ ಸುಮಾರು ೨೬೦ ಕೋಟಿ ವರ್ಷಗಳೆಂದೂ ನಿರ್ಣಯವಾಗಿದೆ. ದಖ್ಖಣದ ಬಸಾಲ್ಟು, ಅಂದರೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರುಗಳ ಕರಿಕಲ್ಲು, ಸುಮಾರು ೬.೬ ಕೋಟಿ ವರ್ಷಗಳದು. ಅದರ ಮುಂದೆ ಇದು ನಲವತ್ತು ಪಟ್ಟು ಹಳೆಯದು. ಆದುದರಿಂದ ತುರುವನೂರಿನ ಎರೆಯನ್ನು ಕಂಡು ಅದು ದಖ್ಖಣದ ಲಾವಾದಿಂದ ಬಂದಿತೆನ್ನುವುದು ಸರಿಯಲ್ಲ. ಆ ಲಾವಾ ಇಷ್ಟು ದಕ್ಷಿಣಕ್ಕೆ ಈಗ ಎಲ್ಲಿಯೂ ಇಲ್ಲ. ಅದು ಬೂದಿಯೂ ಅಲ್ಲ. ಮಳೆ ಕಡಿಮೆಯಾದ ಸಮತಟ್ಟು ನೆಲದಲ್ಲಿ ಸುಣ್ಣ, ಕಬ್ಬಿಣ ಮೊದಲಾದ ಅಂಶಗಳುಳ್ಳ ಬೇರೆ ಶಿಲೆಗಳು ಕೊಳೆತು ಜೇಡಿಯಾದಾಗಲೂ ಎರೆಮಣ್ಣು ಉಂಟಾಗುವುದು.

೩

ಇನ್ನು ಮುಖ್ಯವಾದ ಪ್ರಶ್ನೆ. ಈ ಲಾವಾರಸವು ನೀರಿನಡಿಯಲ್ಲಿ ಹರಿಯಿತೆಂಬುದಕ್ಕೆ ಪ್ರಮಾಣವೇನು? ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಅನುಮಾನ ಮಾಡುವುದು ತಾರ್ಕಿಕರ ಪ್ರಸಿದ್ಧವಾದ ಉದಾಹರಣೆ. ಚಿತ್ರದುರ್ಗದ ಮರಡಿಗಳಲ್ಲಿ ಹೊಗೆಯಿಲ್ಲ. ಬೆಂಕಿ ಆರಿ ೨೭೦ ಕೋಟಿ ವರ್ಷಗಳಾದುವು. ಹೀಗಿರುವಲ್ಲಿ ಬೇರೊಂದು ಲಿಂಗವನ್ನು ಹುಡುಕಬೇಕು. ಆ ಲಿಂಗವು ಚಿತ್ರದುರ್ಗಕ್ಕೂ ಹಿರಿಯೂರಿಗೂ ನಡುವೆ, ಐಮಂಗಲದ ಕಡೆಯಲ್ಲಿರುವ ಮರಡಿಹಳ್ಳಿಯ ಬಳಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಯ ಹಸುರುಗಪ್ಪು ಬಂಡೆಯ ಮೈಮೇಲೆ, ಮೂಟೆಗಳನ್ನು ಒತ್ತೊತ್ತಾಗಿ ಪೇರಿಸಿದಂತೆ, ದುಂಡಾದ ಮತ್ತು ಅಂಡಾಕಾರದ ಗುಪ್ಪೆಗಳು ಒಂದನ್ನೊಂದು ತಬ್ಬಿಕೊಂಡಿವೆ. ಇವು ದಿಂಬುಗಳನ್ನು ಹೋಲುವುದರಿಂದ ಇವಕ್ಕೆ ದಿಂಬುಲಾವಾ ಎಂದು ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಈ ಸ್ಥಳವನ್ನು ೧೯೭೬ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಕೋಟೆಯ ಬೆಟ್ಟದಲ್ಲಿಯೂ ದುಂಡುಬಂಡೆಗಳಿವೆಯಷ್ಟೆ. ಅವು ಬಿಸಿಲು ಮಳೆಗಳಿಂದ ಸವೆದು ದುಂಡಾದುವೆಂದು ಎಲ್ಲರೂ ಒಪ್ಪುತ್ತಾರೆ. ಗ್ರಾನೈಟಿನ ಬಿರುಕುಗಳಲ್ಲಿ ನೀರು ಇಳಿದು ಅಂಚುಗಳನ್ನೂ ಮೂಲೆಗಳನ್ನೂ ಮೊದಲು ಕೊಳೆಸುವುದರಿಂದ ಚೌಕವಾದ ತುಂಡು ಕ್ರಮೇಣ ಗುಂಡಾಗುತ್ತದೆ. ಹಾಗಿದ್ದರೆ ಮರಡಿಹಳ್ಳಿಯ ಗುಪ್ಪೆಗಳೂ ಅದೇ ರೀತಿಯಲ್ಲಿ ಏಕೆ ಆಗಿರಬಾರದು? ದುಂಡಾಗಿರುವುದು ಮಾತ್ರವೇ ಹೇತುವಾದರೆ ಅದು ವ್ಯಭಿಚಾರಿ. ಅದರಿಂದ ಜಲಾಂತರ್ಗತವಾದ ಅಗ್ನಿ ಸಿದ್ಧಿಸದು.

ಈ ಆಕ್ಷೇಪಕ್ಕೆ ಸಮಾಧಾನವು ಗುಪ್ಪೆಗಳ ಒಳರಚನೆಯಲ್ಲಿದೆ. ಮೊದಲನೆಯದಾಗಿ, ಸವೆದು ಗುಂಡಾದ ಬಂಡೆಯಲ್ಲಿ ಹೊರಗೂ ಒಳಗೂ ಒಂದೇ ಗಾತ್ರದ ಕಣಗಳಿರುತ್ತವೆ. ದಿಂಬುಲಾವಾದಲ್ಲಿಯಾದರೋ ನಡುವೆ ಕಣಗಳು ಕೊಂಚ ದೊಡ್ಡವಾಗಿದ್ದು, ಅಂಚಿನ ಕಡೆಗೆ ಬಂದಂತೆ ಸಣ್ಣವಾಗಿ, ಹೊರಮೈಯಲ್ಲಿ ಗಾಜಿನಂತಹ ತೊಗಟೆಯಾಗಿದ್ದುದರ ಗುರುತು ಇರುತ್ತದೆ. ಸುಮಾರು ಸಾವಿರದ ನೂರು ಡಿಗ್ರಿ ಉಷ್ಣತೆಯ ದ್ರವವು ತಣ್ಣೀರನ್ನು ಮುಟ್ಟಿದ ಕ್ಷಣದಲ್ಲಿಯೇ ಹೊರಮೈ ಹೆಪ್ಪುಗಟ್ಟಿತು. ಒಳಗಿನದು ನಿಧಾನವಾಗಿ ಆರಿತು. ಎರಡನೆಯದಾಗಿ, ಇಂತಹ ಗುಪ್ಪೆಗಳಲ್ಲಿ ಅನಿಲದ ಗುಳ್ಳೆಗಳ ಕುಳಿಗಳೂ, ತಣಿಯುವಾಗ ನಡುವಿನಿಂದ ಅಂಚಿಗೆ ಚಕ್ರದ ಅರಗಳಂತೆ ಬಿಟ್ಟ ಬಿರುಕುಗಳೂ ಕಾಣುವುದುಂಟು. ಮೂರನೆಯದು ಎಲ್ಲಕ್ಕಿಂತ ಪ್ರಬಲವಾದುದು. ಮೇಲಣ ದಿಂಬಿನ ಅಡಿಭಾಗವು ಬಾಲದಂತೆ ಚೂಪಾಗಿ ಇಳಿದು, ಕೆಳಗಿನ ಎರಡು ದಿಂಬುಗಳ ನಡುವಣ ಸಂದನ್ನು ತುಂಬಿಕೊಂಡಿರುತ್ತದೆ. ಕೆಳಗಿನವು ಆಗಲೇ ಗಟ್ಟಿಯಾಗಿದ್ದು, ಮೇಲಿನದು ಇನ್ನೂ ಮೆತ್ತಗಿದ್ದಾಗ ಮಾತ್ರ ಹೀಗಾಗುವುದು ಸಾಧ್ಯ. ಸವೆತದಿಂದ ಆದ ಗುಂಡುಗಳು ಹೀಗೆ ಒಂದಕ್ಕೊಂದು ಹೊಂದಿಕೊಳ್ಳಲಾರವು. ಹೀಗೆ ಬರಿಯ ದುಂಡುತನವಲ್ಲ, ತೊಗಟೆ, ಅರಗಳಂತಹ ಬಿರುಕು ಮತ್ತು ಬಾಲ ಇವುಗಳಿಂದ ಕೂಡಿದ ದುಂಡುತನವೇ ಸದ್ಧೇತುವೆಂದು ಸಿದ್ಧವಾಗುತ್ತದೆ.

ಈ ಬಾಲದಿಂದ ಬೇರೊಂದು ಪ್ರಯೋಜನವೂ ಉಂಟು. ಅದು ಯಾವ ಕಡೆಗೆ ಮೊನೆಮಾಡಿದೆಯೋ ಆ ಕಡೆಯೇ ಲಾವಾ ಹರಿದ ಕಾಲದ ಕೆಳಭಾಗ. ಚಿತ್ರದುರ್ಗದ ಪದರಗಳು ಈಗ ಹಾಸಿದಂತೆ ಮಲಗಿಲ್ಲ. ಭೂಮಿಯ ಒತ್ತಡದಿಂದ ಮಡಿಸಿಕೊಂಡು ಬಹುತೇಕ ನೆಟ್ಟಗೆ ನಿಂತಿವೆ, ಕೆಲವೆಡೆಗಳಲ್ಲಿ ತಲೆಕೆಳಗಾಗಿಯೂ ಇವೆ. ಪುಟಗಳು ಕಲಸಿಹೋದ ಓಲೆಯ ಕಟ್ಟಿನಲ್ಲಿ ಪುಟಸಂಖ್ಯೆಯು ಹೇಗೆ ಕ್ರಮವನ್ನು ಸೂಚಿಸುವುದೋ ಹಾಗೆಯೇ ಈ ದಿಂಬಿನ ಬಾಲವು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ತಿಳಿಸುತ್ತದೆ.

ಬಹುಕಾಲದವರೆಗೆ ಇದು ಅನುಮಾನಮಾತ್ರವಾಗಿದ್ದಿತು. ೧೯೭೦ರ ದಶಕದ ಆರಂಭದಲ್ಲಿ ಹವಾಯಿ ದ್ವೀಪದಲ್ಲಿ ಲಾವಾರಸವು ಸಮುದ್ರಕ್ಕೆ ಹರಿಯುತ್ತಿದ್ದಾಗ ಮುಳುಗುಗಾರರು ನೀರಿನೊಳಕ್ಕೆ ಇಳಿದು, ದಿಂಬುಗಳು ಒಂದರಿಂದೊಂದು ಮೊಳೆಯುವುದನ್ನು ಕಣ್ಣಾರೆ ಕಂಡು ಚಲಚ್ಚಿತ್ರಗಳನ್ನು ತೆಗೆದರು. ಹೀಗೆ ಅನುಮಾನಕ್ಕೆ ಪ್ರತ್ಯಕ್ಷದ ಬೆಂಬಲ ದೊರೆಯಿತು. ತರ್ಕಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ವಿನೋದವೂ ಇದೆ. ಬೆಂಕಿಯಿರುವ ಸ್ಥಳಕ್ಕೆ ಅಡಿಗೆಮನೆಯನ್ನೂ, ಬೆಂಕಿಯಿಲ್ಲದ ಸ್ಥಳಕ್ಕೆ ಮಹಾಹ್ರದವನ್ನೂ ದೃಷ್ಟಾಂತವಾಗಿ ಹೇಳುವುದು ಪಾಠಶಾಲೆಗಳ ರೂಢಿ. ಚಿತ್ರದುರ್ಗದ ಶಿಲೆಗಳ ವಿಷಯದಲ್ಲಿ ಮಹಾಹ್ರದವೇ ಸಪಕ್ಷವಾಯಿತು.

ಈ ಲಾವಾಶಿಲೆಗೆ ಹಸುರು ಬಣ್ಣ ಬಂದುದು ಹುಟ್ಟಿನಿಂದಲ್ಲ. ಬಸಾಲ್ಟು ಹುಟ್ಟುವಾಗ ಕಪ್ಪು. ಭೂಗರ್ಭದಲ್ಲಿ ಹೂತು, ಒತ್ತಡ, ಕಾವು ಮತ್ತು ನೀರಿನ ಆವಿಗೆ ಸಿಕ್ಕಿ, ಅದರಲ್ಲಿದ್ದ ಖನಿಜಗಳು ಕ್ಲೋರೈಟು ಮೊದಲಾದ ಹಸುರು ಖನಿಜಗಳಾಗಿ ಮಾರ್ಪಟ್ಟುವು. ಬಿಸಿಯಾದ ಸಮುದ್ರದ ನೀರು ಇಂತಹ ಶಿಲೆಗಳ ಬಿರುಕುಗಳಲ್ಲಿ ಹರಿದು ಲೋಹಗಳನ್ನು ಕರಗಿಸಿ ತಂದು ಬೇರೆಡೆ ನಿಲ್ಲಿಸುತ್ತದೆ. ೧೯೭೯ರಲ್ಲಿ ಪೆಸಿಫಿಕ್ ಸಾಗರದ ತಳದಲ್ಲಿ ಕರಿಹೊಗೆಯಂತೆ ಲೋಹಗಳ ಕಣಗಳನ್ನು ಉಗುಳುವ ಬಿಸಿನೀರಿನ ಚಿಲುಮೆಗಳು ಕಾಣಿಸಿದ ಬಳಿಕ ಈ ಕ್ರಮವು ಚೆನ್ನಾಗಿ ತಿಳಿಯಿತು. ಇಂಗಳದಾಳದ ಅಗ್ನಿಶಿಲೆಗಳಲ್ಲಿ ಗಂಧಕದೊಡನೆ ಕೂಡಿದ ತಾಮ್ರದ ಅದಿರು ಸಿಕ್ಕಿ, ಕೆಲವು ಕಾಲ ಗಣಿಕೆಲಸ ನಡೆದುದು ಈ ನಾಡಿನವರಿಗೆ ತಿಳಿದಿದೆ. ಇಂಗಳವೆಂದರೆ ಹಳಗನ್ನಡದಲ್ಲಿ ಕೆಂಡ. ಈ ಶಬ್ದಸಾಮ್ಯವನ್ನು ಹಿಡಿದುಕೊಂಡು, ಪ್ರಾಚೀನರು ಇಲ್ಲಿ ಅಗ್ನಿಪರ್ವತವನ್ನು ಕಂಡು ಊರಿಗೆ ಹೆಸರಿಟ್ಟರೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಬಾರದು. ಆ ಅಗ್ನಿ ಉರಿದಾಗ ಮನುಷ್ಯನಿರಲಿ, ಹುಲ್ಲಿನ ಎಸಳೂ ಭೂಮಿಯ ಮೇಲಿರಲಿಲ್ಲ.

೪

ಈ ಸಿದ್ಧಾಂತವು ಒಮ್ಮೆಗೇ ಸ್ಥಿರವಾಗಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ ಸ್ಮೀತರು, ಧಾರವಾಡ ಶಿಲೆಗಳು ಹೆಚ್ಚುಕಡಮೆ ಎಲ್ಲವೂ ಅಗ್ನಿಜನ್ಯವೆಂದು ಭಾವಿಸಿದರು. ಪಿಂಡಶಿಲೆಗಳು ಕೂಡ ನೀರು ಉರುಳಿಸಿ ತಂದ ಕಲ್ಲುಗಳಲ್ಲ, ಬೆಟ್ಟಗಳು ಒತ್ತಡದಲ್ಲಿ ನುಗ್ಗಾದಾಗ ಉಂಟಾದ ಚೂರುಗಳು ಎಂಬುದು ಅವರ ಮತವಾಗಿದ್ದಿತು. ಬಿ. ರಾಮರಾಯರು, ಸಿ. ಎಸ್. ಪಿಚ್ಚಮುತ್ತು ಮೊದಲಾದವರು ೧೯೩೦ರ ದಶಕದಿಂದ ಈ ಶಿಲೆಗಳನ್ನು ಪುನಃ ಪರಿಶೀಲಿಸಿ, ನೀರು ಹರಿದ ಗುರುತುಗಳನ್ನು ಅವುಗಳಲ್ಲಿ ತೋರಿಸಿ, ಅಗ್ನಿಶಿಲೆ ಜಲಜಶಿಲೆ ಎರಡೂ ಇಲ್ಲಿವೆಯೆಂದು ಸ್ಥಾಪಿಸಿದರು. ಸ್ಮೀತರ ಮತವು ಬಿದ್ದುಹೋದರೂ ಅವರ ಕಾಲದ ಸರ್ವೇಕ್ಷಣೆಯು ವ್ಯರ್ಥವಾಗಲಿಲ್ಲ; ಅವರನ್ನು ಖಂಡಿಸಿದವರು ಅವರ ಕಾಲದ ನಕ್ಷೆಗಳ ಮೇಲೆಯೇ ನಿಂತು ಖಂಡಿಸಿದರು. ಶಾಸ್ತ್ರವು ಬೆಳೆಯುವ ರೀತಿಯೇ ಇದು.

೫

ಈಗ ಎರಡನೆಯ ದ್ರೋಣಿಯ ವಿಚಾರ. ಲಾವಾರಸ ಹರಿದ ಸಮುದ್ರವು ಎಂದೋ ಮುಚ್ಚಿಹೋಯಿತು. ಅದರಲ್ಲಿ ತುಂಬಿದ ಪದರಗಳು ಮಡಿಸಿ ಎದ್ದು ನಿಂತುವು. ಅವುಗಳೊಳಕ್ಕೆ ಆಳದಿಂದ ಗ್ರಾನೈಟಿನ ದ್ರವವು ನುಗ್ಗಿ ನಿಧಾನವಾಗಿ ಆರಿ ಹೆಪ್ಪಾಯಿತು. ಗ್ರಾನೈಟಿನ ಕಣಗಳು ಕಣ್ಣಿಗೆ ಕಾಣುವಷ್ಟು ದೊಡ್ಡವಾಗಿರುವುದೇ, ಅದು ಭೂಮಿಯ ಮೇಲ್ಮೈಯಲ್ಲಿ ಅಲ್ಲ, ಮೈಲಿಗಟ್ಟಲೆ ಆಳದಲ್ಲಿ ಆರಿತೆಂಬುದಕ್ಕೆ ಸಾಕ್ಷಿ. ಆಳದಲ್ಲಿ ಹುಟ್ಟಿದ ಆ ಕಲ್ಲು ಇಂದು ಕೋಟೆಯ ತುದಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತಿದೆ. ಎಂದರೆ ಅದರ ಮೇಲೆ ಹೊದಿಸಿದ್ದ ಅಷ್ಟು ಶಿಲೆಯೂ ಸವೆದು ಹೋಗಿರಬೇಕು. ಹಳೆಯ ಅಗ್ನಿಪರ್ವತಗಳ ಬಾಯಿಗಳು ಮೊದಲು ಎಲ್ಲಿದ್ದರೂ, ಆ ಸವೆತದಲ್ಲಿ ಅವು ಉಳಿದಿರುವ ಸಂಭವವಿಲ್ಲ. ಆದಕಾರಣ ಈಗ ಕಾಣುವ ಯಾವ ತಗ್ಗನ್ನೂ ಅಗ್ನಿಪರ್ವತದ ಬಾಯಿಯೆಂದು ಕರೆಯಲಾಗದು. ಕೋಟೆಯ ಬಂಡೆಯೇ ಈ ಊಹೆಯ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಈಗಿನ ಕಣಿವೆಗಳು ನೀರಿನವು. ಗಟ್ಟಿಯಾದ ಪದರಗಳು ಸಾಲುಬೆಟ್ಟಗಳಾಗಿ ಉಳಿದುವು, ಮೆದುವಾದವು ತಗ್ಗಾದುವು. ಬಾಬಾಬುಡನ್ ಬೆಟ್ಟಗಳಲ್ಲಿ ಹುಟ್ಟಿ ಈಶಾನ್ಯಕ್ಕೆ ಹರಿಯುವ ವೇದಾವತಿಯು ದಕ್ಷಿಣೋತ್ತರವಾಗಿ ಹಬ್ಬಿದ ಈ ಬೆಟ್ಟಸಾಲನ್ನು ಅಡ್ಡಲಾಗಿ ಕೊರೆದುಕೊಂಡು ಹೊರಬೀಳುವ ಇಕ್ಕಟ್ಟಾದ ಸ್ಥಳವೇ ಮಾರಿಕಣಿವೆ. ೧೮೯೮ರಲ್ಲಿ ಆರಂಭವಾಗಿ ೧೯೦೭ರಲ್ಲಿ ಮುಗಿದ ಕಟ್ಟೆಯು ಈ ಕಣಿವೆಗೆ ಅಡ್ಡಲಾಗಿ ನಿಂತಿತು. ಅದರ ಹಿಂದಣ ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂದು ಹೆಸರಾಯಿತು. ಅದು ಹಿಡಿಯುವ ನೀರು ಸುಮಾರು ೩೦ ಟಿ.ಎಂ.ಸಿ. ೧೯೩೩ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ಬೆಟ್ಟದ ಸಾಲು, ಇಕ್ಕಟ್ಟಾದ ಬಾಯಿ, ಹಿಂದೆ ಅಗಲವಾದ ತಗ್ಗು ಎಂಬ ಅನುಕೂಲಗಳು ಒದಗಿದುದು ಶಿಲೆಗಳ ರಚನೆಯಿಂದ. ಅದು ತುಂಬುವುದು ಮಾತ್ರ ಮಳೆಯ ಕೈಯಲ್ಲಿದೆ.

ನೆಲದ ಈ ಅನುಕೂಲವನ್ನು ಅರಿತವರು ಮೈಸೂರಿನ ಯಂತ್ರಶಿಲ್ಪಿಗಳೇ ಮೊದಲಿಗರಲ್ಲ. ಕೋಟೆಯ ಬಳಿಯ ಚಂದ್ರವಳ್ಳಿಯಲ್ಲಿ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವು ಅವನು ಕಟ್ಟಿಸಿದ ತಟಾಕವನ್ನು ಹೇಳುತ್ತದೆ. ಅದು ಸಾಮಾನ್ಯವಾಗಿ ನಾಲ್ಕನೆಯ ಶತಮಾನದ್ದೆಂದು ಎಣಿಸಲ್ಪಟ್ಟಿದೆ. ಬೆಟ್ಟಗಳ ನಡುವಣ ತಗ್ಗಿಗೆ ಏರಿ ಹಾಕಿ ನೀರು ನಿಲ್ಲಿಸುವ ಜಾಣ್ಮೆಯು ಚಂದ್ರವಳ್ಳಿಯಿಂದ ಮಾರಿಕಣಿವೆಯವರೆಗೆ ಒಂದೇ. ಪ್ರಮಾಣ ಮಾತ್ರ ಭಿನ್ನ.

೬

ಕಾವ್ಯಗಳನ್ನು ಬೋಧಿಸುವವರಿಗೆ ಇಲ್ಲಿ ಒಂದು ಪ್ರಲೋಭನೆ ಉಂಟಾಗುವುದು ಸಹಜ. ಸಮುದ್ರದ ನಡುವೆ ಉರಿಯುವ ವಡಬಾಗ್ನಿಯ ವರ್ಣನೆಯು ಸಂಸ್ಕೃತ ಕನ್ನಡ ಕವಿಗಳೆಲ್ಲರಿಗೂ ಪರಿಚಿತ. ಬ್ರಹ್ಮನ ಒಂದು ಹಗಲಿಗೆ ೪೩೨ ಕೋಟಿ ವರ್ಷಗಳೆಂಬ ಪೌರಾಣಿಕ ಗಣನೆಯೂ, ಭೂಮಿಗೆ ಸುಮಾರು ೪೫೪ ಕೋಟಿ ವರ್ಷಗಳೆಂಬ ಇಂದಿನ ಗಣನೆಯೂ ಹತ್ತಿರ ಹತ್ತಿರವಾಗಿ ಕಾಣುತ್ತವೆ. ಇವುಗಳನ್ನು ಹಿಡಿದುಕೊಂಡು, ಪ್ರಾಚೀನರಿಗೆ ಈ ಶಾಸ್ತ್ರವೆಲ್ಲವೂ ತಿಳಿದಿದ್ದಿತೆಂದು ಸಾಧಿಸುವುದು ಪ್ರಾಚೀನರಿಗೂ ಶಾಸ್ತ್ರಕ್ಕೂ ಅನ್ಯಾಯ. ಹುಟ್ಟಿನ ಕಾರಣ ಬೇರೆಯಾಗಿರುವ ಎರಡು ಸಂಖ್ಯೆಗಳು ಹತ್ತಿರವಾದುದು ಕಾಕತಾಲೀಯ. ವಡಬಾಗ್ನಿಯು ಕವಿಸಮಯ, ನದಿಗಳೆಲ್ಲವೂ ಸೇರಿದರೂ ಸಮುದ್ರವು ದಡ ಮೀರದಿರುವುದಕ್ಕೆ ಪುರಾಣವು ಕಲ್ಪಿಸಿದ ಕಾರಣ. ದಿಂಬುಲಾವಾ ಕಲ್ಲಿನ ಸಾಕ್ಷ್ಯ. ಎರಡನ್ನೂ ಅವುಗಳ ಸ್ಥಾನದಲ್ಲಿ ನಿಲ್ಲಿಸಿದರೆ ಎರಡಕ್ಕೂ ಗೌರವ. ಪ್ರಾಚೀನರು ಬಿಟ್ಟುಹೋದ ಆಸ್ತಿಯಲ್ಲಿ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಹೇತುವನ್ನೂ ಹೇತ್ವಾಭಾಸವನ್ನೂ ಬೇರ್ಪಡಿಸುವ ಅವರ ವಿಚಾರಕ್ರಮ. ಮರಡಿಹಳ್ಳಿಯ ಕಲ್ಲನ್ನು ಓದುವುದಕ್ಕೆ ಬೇಕಾದುದೂ ಅದೇ.

ಶಾಸನಗಳ ವಿಷಯದಲ್ಲಿ ನಾಡಿಗೆ ಒಂದು ಭಾಗ್ಯವಿದೆ. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಯದು. ಅದರಲ್ಲಿ ಸೇರಿದ ಶಾಸನದ ಕಲ್ಲು ಒಡೆದು ಮೆಟ್ಟಿಲಾದರೂ ಪಾಠವು ಉಳಿಯುತ್ತದೆ. ದಿಂಬುಲಾವಾಕ್ಕೆ ಇಂತಹ ಪ್ರತಿಯಿಲ್ಲ. ಅದರ ಅಕ್ಷರವೂ ಅರ್ಥವೂ ಆ ಬಂಡೆಯಲ್ಲಿಯೇ ಇದೆ. ಇನ್ನೂ ಹುಟ್ಟದ ಪರೀಕ್ಷಾಕ್ರಮಗಳು ನಾಳೆ ಕೇಳಲಿರುವ ಪ್ರಶ್ನೆಗಳಿಗೆ ಉತ್ತರವೂ ಅಲ್ಲಿಯೇ ಅಡಗಿದೆ. ನೋಡುವುದಕ್ಕೆ ಅದು ಹೊಲದ ಬದಿಯ ಮರಡಿ. ಜಲ್ಲಿಗೋ ಪಾಯಕ್ಕೋ ಯೋಗ್ಯವಾದ ಕಲ್ಲು ಎಂಬುದಕ್ಕಿಂತ ಹೆಚ್ಚಾಗಿ ಕಾಣದು. ಕೋಟೆಯ ಹೆಬ್ಬಂಡೆಗಳನ್ನು ಕಾಯಲು ಅವುಗಳ ಗಾತ್ರವೂ ಇತಿಹಾಸವೂ ಸಾಕು. ಮರಡಿಯ ಕಲ್ಲನ್ನು ಕಾಯುವುದು ಅದನ್ನು ಓದಬಲ್ಲವರ ಅರಿವೊಂದೇ. ವಿದ್ಯಾರ್ಥಿಗಳನ್ನು ಚಿತ್ರದುರ್ಗಕ್ಕೆ ಕರೆದೊಯ್ಯುವ ಉಪಾಧ್ಯಾಯರು, ಕೋಟೆಯನ್ನು ತೋರಿಸಿದ ಮೇಲೆ ಹಿರಿಯೂರಿನ ದಾರಿಯಲ್ಲಿ ಒಂದು ಗಳಿಗೆ ನಿಂತು, ದಿಂಬಿನ ಬಾಲವು ಯಾವ ಕಡೆಗಿದೆಯೆಂದು ಮಕ್ಕಳ ಕೈಯಿಂದಲೇ ಹುಡುಕಿಸಿದರೆ, ಈ ಗ್ರಂಥಕ್ಕೆ ಓದುಗರ ಪರಂಪರೆಯೊಂದು ಏರ್ಪಡುವುದು.